ತಿಪ್ಪೆಗೆ ಯೂರಿಯಾ ಒಯ್ದ ಈರಕ್ಕ

ಯೂರಿಯಾ ಚೀಲದ ಮೇಲೆ ಕೂತು ಯೂರಿಯಾವನ್ನೇ ಬೈಯುವವರನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ, ಅದೂ ನನ್ನ ಅಂಗಡಿಯಲ್ಲೇ. ಹುನಗುಂದದಲ್ಲಿ ನನ್ನದೊಂದು ರಸಗೊಬ್ಬರದ ಅಂಗಡಿ ಇದೆ, ನಮ್ಮಪ್ಪ ಹಾಕಿದ್ದು. ಸಂತೆಗೆ ಬಂದ ಈರಕ್ಕ ಕೈಚೀಲವನ್ನು ತಕ್ಕಡಿಯ ಪಕ್ಕ ಇಟ್ಟು, ಬಾಗಿಲಲ್ಲಿ ಒಟ್ಟಿದ ಚೀಲಗಳ ಪೈಕಿ ತನ್ನ ಸೊಂಟದೆತ್ತರದ್ದನ್ನು ಆರಿಸಿ, ಸೆರಗಿನಿಂದ ಧೂಳು ಹೊಡೆದು, ಅದರ ಮೇಲೆ ಏರಿ ಕೂರುತ್ತಿದ್ದಳು. ಆಮೇಲೆ ಶುರುವಾಗುತ್ತಿತ್ತು.

"ಇದು ಗೊಬ್ಬರ ಅಲ್ಲ ರಾಜೇಸಾ, ಸೆರೆ. ಕುಡದ ದಿನ ಹೊಲ ಕುಣಿತೈತಿ. ಮರುದಿನ ಏಳೂದಿಲ್ಲ."

"ಹಂಗಾರ ನಾ ಸೆರೆ ಅಂಗಡಿ ಇಟ್ಟೇನೇನಬೇ?"

"ಅದನ್ನ ನಾ ಯಾಕ ಬಾಯಿ ಬಿಟ್ಟು ಹೇಳ್ಲಿ. ಸೆರೆ ಅಂಗಡ್ಯಾಂವಗರ ಒಂದೀಟು ನಾಚಿಕಿ ಇರ್ತೈತಿ."

ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ವ್ಯಾಪಾರದ ಹೊತ್ತಿನಲ್ಲಿ ಹೀಗೆ ಮಾತಾಡಿದರೆ ಯಾರಿಗೆ ಉರಿಯುವುದಿಲ್ಲ? ಬೇರೆ ಯಾರಾದರೂ ಆಗಿದ್ದರೆ ಕತ್ತು ಹಿಡಿದು ಹೊರಗೆ ಹಾಕುತ್ತಿದ್ದೆ. ಈರಕ್ಕನನ್ನು ಹಾಕಲಾಗಲಿಲ್ಲ. ಆಕೆ ನಮ್ಮವ್ವನ ಕಾಲದಿಂದ ಮನೆಗೆ ಬಂದು ಹೋಗುವವಳು. ಈದ್ ದಿನ ನಮ್ಮಲ್ಲಿ ಸುರಕುಂಬಾ ಕುಡಿದು, ಪಂಚಮಿಗೆ ಡಬ್ಬಿ ತುಂಬ ಉಂಡಿ ತಂದು ಕೊಡುವವಳು. ಅದೂ ಅಲ್ಲದೆ, ಆಕೆ ಎಷ್ಟು ಬೈದರೂ ನನ್ನ ಗಿರಾಕಿಗಳೇನೂ ಕಡಿಮೆಯಾಗುತ್ತಿರಲಿಲ್ಲ. ಬೈಗುಳ ಕೇಳಿ, ನಕ್ಕು, ಚೀಲ ಹೊತ್ತುಕೊಂಡು ಹೋಗುತ್ತಿದ್ದರು. ಹಾಗಾಗಿ ಬಾಯಿ ಮುಚ್ಚಿಕೊಂಡು ಚಹಾ ತರಿಸುತ್ತಿದ್ದೆ.

ಎತ್ತರದ ಆಳು, ಒಣಕಲು ಮೈ, ಹಣೆಯ ತುಂಬ ವಿಭೂತಿ. ಇಳಕಲ್ಲಿನ ನೇಕಾರರ ಮನೆಯ ಮಗಳು. ಹುನಗುಂದ ಬಿಟ್ಟು ಇಳಕಲ್ಲಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ಸೊಸೆಯಾಗಿ ಬಂದವಳು. ಬೇರೆ ಹೆಂಗಸರ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ ಇದ್ದರೆ ಈಕೆಯದರಲ್ಲಿ ಮಣ್ಣು ಇರುತ್ತಿತ್ತು. ಎರಡು ಗಂಟು. ಗೊಬ್ಬರ ಕೊಳ್ಳಲು ಬಂದವರ ಮೂಗಿಗೆ ಒಂದನ್ನು ಹಿಡಿದು, "ಮೂಸಿ ನೋಡು, ಏನರ ವಾಸನಿ ಬರ್ತೈತೇನು?" ಎಂದು ಕೇಳುವಳು. ಅವನು ಇಲ್ಲವೆಂದರೆ, "ಇದು ನಮ್ಮ ಮೈದುನ ಸಂಗಪ್ಪನ ಹೊಲದ್ದು" ಎನ್ನುವಳು. ಆಮೇಲೆ ಇನ್ನೊಂದು ಗಂಟು ಬಿಚ್ಚುವಳು. ಆಕೆಯ ಮುಖ ನೋಡಿ ಎಲ್ಲರೂ ವಾಸನೆ ಬರುತ್ತದೆ ಎಂದೇ ಹೇಳುತ್ತಿದ್ದರು. ನಾನಂತೂ ಒಮ್ಮೆ, ಎರಡೂ ಒಂದೇ ನಾರುತ್ತವೆ ಎಂದು ಹೇಳಿ ಒಂದು ವಾರ ಮಾತು ಕಳೆದುಕೊಂಡಿದ್ದೆ.

ಈ ಹಟ ಆಕೆಗೆ ಎಲ್ಲಿಂದ ಬಂತೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಗಂಡ ಇದ್ದಾಗ ಅದೇ ಹೊಲಕ್ಕೆ ನನ್ನ ಅಂಗಡಿಯಿಂದಲೇ ಚೀಲ ಹೋಗುತ್ತಿದ್ದವು. ಅಣ್ಣ ತಮ್ಮಂದಿರ ಉದ್ದನೆಯ ಕಪ್ಪು ಮಣ್ಣಿನ ಎರಿ ಹೊಲ ಅದು, ನಡುವೆ ಒಂದು ಬದು. ಬದುವಿನ ಈಚೆ ಈರಕ್ಕನ ಗಂಡನದು, ಆಚೆ ಸಂಗಪ್ಪನದು. ಗಂಡ ತೀರಿಕೊಂಡ ಮೇಲೆ ಅವರ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದರು. ಆ ವರ್ಷದಿಂದಲೇ ಈಕೆ ಚೀಲ ಒಯ್ಯುವುದನ್ನು ನಿಲ್ಲಿಸಿದಳು. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಯಾಕಬೇ ನಮ್ಮ ಮೇಲೆ ಇಷ್ಟು ಸಿಟ್ಟು ಎಂದು ಕೇಳಿದೆ.

"ನಿನ್ನ ಮ್ಯಾಲ ಏನ ಸಿಟ್ಟೋ ತಮ್ಮಾ. ಅವರನ್ನ ಇಡಾಕ ಕುಣಿ ತಗದ್ರಲ್ಲ, ನಾ ಅಲ್ಲೇ ಕುಂತಿದ್ದೆ. ಮಳಿ ಆಗಿತ್ತು, ಮಣ್ಣು ಹಸಿ ಇತ್ತು. ಅಷ್ಟು ಮಣ್ಣು ಮ್ಯಾಲ ಬಂತು, ಒಂದು ಎರಿಹುಳ ಇಲ್ಲ, ಒಂದು ಇರುವಿ ಇಲ್ಲ. ಇಂಥಾ ಮಣ್ಣಾಗ ನನ್ನ ಗಂಡನ್ನ ಹೆಂಗ ಇಡ್ಲಿ ಅನಿಸ್ತು. ಇಟ್ಟೆ. ಇಟ್ಟ ಮ್ಯಾಲ ಆ ಮಣ್ಣನ್ನ ಹಂಗ ಬಿಡಾಕ ಬರ್ತೈತೇನು?"

ನಮ್ಮಲ್ಲೂ ಹೋದವರನ್ನು ಮಣ್ಣಿಗೇ ಕೊಡುತ್ತೇವೆ. ನಾನು ಚಹಾ ತರಿಸಿದೆ. ಅವತ್ತು ಆಕೆ ಬೈಯಲೂ ಇಲ್ಲ, ಚಹಾ ಕುಡಿದು ಎದ್ದು ಹೋದಳು.

ಆದರೆ ಹಟದಿಂದ ಹೊಟ್ಟೆ ತುಂಬಬೇಕಲ್ಲ. ಚೀಲ ಬಿಟ್ಟ ಮೊದಲ ವರ್ಷ ಈರಕ್ಕನ ಜೋಳ ಮೊಣಕಾಲು ದಾಟಿ ಮೇಲೇಳಲು ಬಹಳ ತ್ರಾಸು ಪಟ್ಟಿತು. ಎರಡನೆಯ ವರ್ಷವೂ ಅದೇ ಹಾಡು. ಬದುವಿನ ಆಚೆ ಸಂಗಪ್ಪನ ಜೋಳ ಕಪ್ಪಗೆ, ಎದೆಯುದ್ದ ನಿಂತಿತ್ತು. ಈಚೆ ಈಕೆಯದು ಜ್ವರ ಬಂದು ಎದ್ದವರ ಹಾಗೆ ಹಳದಿ. ಊರವರು ಆ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿ ಹೋಗುತ್ತಿದ್ದರು. ಸಂಗಪ್ಪ ಕೆಟ್ಟವನಲ್ಲ. ಅಣ್ಣನ ಹೊಲ ಕಣ್ಣೆದುರು ಹಾಳಾಗುತ್ತಿದೆ ಎಂದು ಖರೇನೇ ಸಂಕಟ ಅವನಿಗೆ. ಅದರ ಜೊತೆಗೆ ಆ ಹೊಲ ಕೈಗೆ ಬಂದರೆ ಚಲೋ ಎಂಬ ಆಸೆಯೂ ಇತ್ತು, ಯಾರಿಗಿರುವುದಿಲ್ಲ? ಒಂದು ಸಂತೆಯ ದಿನ ನನ್ನ ಅಂಗಡಿಯಲ್ಲೇ ಮಾತು ತೆಗೆದ.

"ವೈನಿ, ಹೊಲ ನನಗ ಲಾವಣಿಗೆ ಕೊಟ್ಟುಬಿಡ್ರಿ. ಉಳೂದು ಬೆಳಿಯೂದು ನಾ ಮಾಡ್ತೇನಿ, ನಿಮ್ಮ ಪಾಲು ಮನಿಗೆ ತಂದು ಹಾಕ್ತೇನಿ. ನೀವು ಆರಾಮ ಕುಂದರ್ರಿ."

"ಕುಂತ್ರ ಸಾಯ್ತೇನೋ ಸಂಗಪ್ಪ."

"ಹಿಂಗ ಮಾಡಿದ್ರ ಹೊಲಾನ ಸಾಯ್ತೈತಲ್ರಿ."

ಆ ಮಾತು ಆಕೆಗೆ ನಾಟಿತು. ಮುಖ ಬಿಗಿಯಿತು. ಅದರ ಹಿಂದಿನ ವಾರವಷ್ಟೇ ಬಾಗಲಕೋಟೆಯಿಂದ ಒಬ್ಬ ಮೇಡಂ ಹಳ್ಳಿಗೆ ಬಂದು ಮಣ್ಣಿನ ಬಗ್ಗೆ ರೈತರಿಗೆ ಹೇಳಿ ಹೋಗಿದ್ದರು. ಶಿರೂರಿನ ಕಡೆಯ ಹುಡುಗಿ, ಒಕ್ಕಲುತನದ ಮನೆಯವಳೇ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಇರುತ್ತವೆ, ಕಸಕಡ್ಡಿಯನ್ನು ಕೊಳೆಸಿ ಬೆಳೆಗೆ ಉಣ್ಣಿಸುವವು ಅವೇ ಎಂದು ಹೇಳಿ, ಅವು ಎಷ್ಟು ಚುರುಕಾಗಿವೆ ಎಂದು ಮನೆಯಲ್ಲೇ ನೋಡುವ ದಾರಿಯನ್ನೂ ಹೇಳಿಕೊಟ್ಟಿದ್ದರು. ಹಸಿ ಇರುವ ಮಣ್ಣಿನಲ್ಲಿ ಬರೀ ಹತ್ತಿಯ ಅರಿವೆ ಹೂಳಿ, ಬೆಳೆ ಸೊಂಟಕ್ಕೆ ಬಂದಾಗ ತೆಗೆದು ನೋಡಿ. ಜೀವ ಇದ್ದರೆ ಅರಿವೆಯನ್ನು ತಿಂದಿರುತ್ತವೆ, ಇಲ್ಲದಿದ್ದರೆ ಹೂಳಿದ್ದು ಹಾಗೇ ಬರುತ್ತದೆ.

"ಮೇಡಂ ಹೇಳಿದ್ದು ಕೇಳಿಯಲ್ಲ?" ಎಂದಳು ಈರಕ್ಕ. "ಇಬ್ಬರ ಹೊಲದಾಗೂ ಅರಬಿ ಹೂಳೂಣು. ನನ್ನ ಹೊಲದಾಗಿಂದು ಇದ್ದಂಗ ಬಂತಂದ್ರ ಹೊಲ ನಿನಗ. ಮಣ್ಣು ತಿಂದಿತ್ತಂದ್ರ ನಾ ಇರೂತನಕ ಲಾವಣಿ ಮಾತು ಎತ್ತಬಾರದು. ರಾಜೇಸಾ, ನೀ ಸಾಕ್ಷಿ."

ನನಗೇಕೆ ಬೇಕಿತ್ತು ಈ ಉಸಾಬರಿ. ಬೇಡವೆಂದರೆ ಬಿಡುವವಳೂ ಅಲ್ಲ.

ಅರಿವೆಗೆ ಆಕೆ ಮಾಡಿದ್ದನ್ನು ಕೇಳಿ ನನ್ನ ಹೆಂಡತಿ ಹಣೆ ಹಣೆ ಬಡಿದುಕೊಂಡಳು. ಆ ಪಂಚಮಿಗೆ ತವರಿನಿಂದ ಅಣ್ಣ ಕೊಟ್ಟ ಹೊಸ ಇಳಕಲ್ ಸೀರೆಯ ಒಡಲನ್ನು ಈರಕ್ಕ ಕತ್ತರಿಸಿದ್ದಳು. ಹಳೆಯ ಬಟ್ಟೆ ಮೊದಲೇ ಜೀರ್ಣವಾಗಿರುತ್ತದೆ, ಅದನ್ನು ಹೂಳಿ ಗೆದ್ದರೆ ಮೋಸ ಎಂದು ಆಕೆಯ ಲೆಕ್ಕ. ತವರಿನ ಮಗ್ಗದ ಹತ್ತಿಗಿಂತ ಚಲೋ ಹತ್ತಿ ಎಲ್ಲಿ ಸಿಗುತ್ತದೆ ಎಂದು ಹೆಮ್ಮೆ ಬೇರೆ. ಹಿಂಗಾರಿ ಬಿತ್ತನೆ ಆದ ಮೇಲೆ, ಬದುವಿನ ಆಚೆ ಒಂದು ತುಂಡು, ಈಚೆ ಒಂದು ತುಂಡು, ಗುರುತಿಗೆ ಒಂದೊಂದು ಬೇವಿನ ಗೂಟ ನೆಟ್ಟು ಹೂಳಿದರು.

ತೆಗೆಯುವ ದಿನ ಮೇಡಂ ಕೂಡ ಬಂದಿದ್ದರು. ಮೊದಲು ಸಂಗಪ್ಪನ ಕಡೆ ಅಗೆದರು. ಅರಿವೆ ಇಡಿಯಾಗಿ ಬಂತು, ಬರೀ ಮಣ್ಣು ಮೆತ್ತಿತ್ತು. ಈರಕ್ಕ ಕಣ್ಣಲ್ಲೇ ನಕ್ಕಳು. ಬದು ದಾಟಿ ಈಚೆ ಬಂದು ತಾನೇ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವ ಕುರ್ಚಿಗೆಯಿಂದ ಮಣ್ಣು ಕೆದರಿದಳು. ಅದೂ ಇಡಿಯಾಗಿಯೇ ಬಂತು. ಕೊಡವಿದರೆ ಪಂಚಮಿಯ ದಿನ ಉಡಬಹುದಿತ್ತು, ಹಾಗಿತ್ತು.

ಮೇಡಂ, ಎರಡೂ ಕಡೆ ಹೀಗಾಗುವುದು ಹೇಗೆ ಎಂದು ಗೊಣಗುತ್ತ ಮಣ್ಣನ್ನು ಹಿಚುಕಿ ನೋಡುತ್ತಿದ್ದರು. ಈರಕ್ಕ ಆ ಅರಿವೆಯನ್ನು ತೊಡೆಯ ಮೇಲೆ ಹಾಸಿಕೊಂಡು ಸ್ವಲ್ಪ ಹೊತ್ತು ಕೂತಳು. ನಾನು ಆಕೆಯನ್ನು ಅಷ್ಟು ಸಣ್ಣವಳಾಗಿ ಎಂದೂ ನೋಡಿರಲಿಲ್ಲ. ಬೈದರೆ ಬೈಯಲಿ, ಈಕೆ ಹೀಗೆ ಕೂರಬಾರದು ಅನ್ನಿಸಿತು.

"ಮಾತು ಅಂದ್ರ ಮಾತು" ಎಂದು ಎದ್ದಳು. "ಸಂಗಪ್ಪ, ಈ ಬೆಳಿ ತಗದ ಮ್ಯಾಲ ಹೊಲ ನಿಂದು."

ಅರಿವೆಯನ್ನು ಅವನ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಗಂಡನನ್ನು ಮಣ್ಣು ಮಾಡಿದ ಗದ್ದುಗೆಯ ಕಡೆ ನಡೆದಳು. ಸಂಗಪ್ಪ ಬೀಡಿ ಸೇದುತ್ತ ಅರಿವೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಬೀಡಿಯ ಕೆಂಡ ಅದಕ್ಕೆ ತಾಗಿತು. ತಾಗಿದ ಜಾಗ ಬೂದಿಯಾಗಬೇಕಿತ್ತು, ಆಗಲಿಲ್ಲ. ಮುದುಡಿ, ಕರಗಿ, ಕರ್ರಗಿನ ಗಟ್ಟಿ ಹನಿಯಾಯಿತು. ಅವನು ಅದನ್ನು ನೋಡಿದ. ನನ್ನನ್ನು ನೋಡಿದ. ನಾನು ನೋಡಿದ್ದೇನೆ ಎಂದು ಅವನಿಗೆ ಗೊತ್ತಾಗಲಿಲ್ಲ, ನಾನು ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದೆ. ಅರಿವೆ ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದರೆ ಹೊಲ ಅವನದಾಗುತ್ತಿತ್ತು. ಅವನು ಇನ್ನೊಂದು ತುದಿಗೂ ಕೆಂಡ ಒತ್ತಿ, ಖಾತ್ರಿ ಮಾಡಿಕೊಂಡು ಕೂಗಿದ.

"ವೈನಿ, ನಿಂದರ್ರಿ. ಇದು ಹತ್ತಿ ಅಲ್ರಿ. ಪ್ಲಾಸ್ಟಿಕ್ ನೂಲು. ಇದನ್ನ ಯಾವ ಮಣ್ಣು ತಿಂತೈತಿ?"

ನೇಕಾರರ ಮಗಳಿಗೆ ನೂಲು ಗೊತ್ತಾಗಲಿಲ್ಲವೇ ಎಂದು ನಾನು ಆಮೇಲೆ ಕೆಣಕಿದೆ. ಆಕೆ ಹೇಳಿದಳು: "ಕೈಗೆ ಗೊತ್ತಾಗಿತ್ತು ರಾಜೇಸಾ. ಮನಸ ಒಪ್ಪಲಿಲ್ಲ. ತವರಿನ ಸೀರಿಗೆ ಯಾರರ ಕಡ್ಡಿ ಗೀರಿ ನೋಡ್ತಾರೇನು?"

ಮರುದಿನ ನನ್ನನ್ನೂ ಎಳೆದುಕೊಂಡು ಇಳಕಲ್ಲಿಗೆ ಹೋದಳು. ದಾರಿಯುದ್ದಕ್ಕೂ ಅಣ್ಣನನ್ನು ಹೇಗೆ ಬೈಯುತ್ತಾಳೋ ಎಂದು ನಾನು ಹೆದರಿದ್ದೆ. ಅಣ್ಣನ ಮನೆಯ ಕುಣಿ ಮಗ್ಗದ ಮೇಲೆ ಹಾಸಿಗೆ ಒಟ್ಟಿದ್ದರು. ಮೊಣಕಾಲು ನೋವಿನಿಂದ ಅವನಿಗೆ ಕುಣಿಯಲ್ಲಿ ಇಳಿದು ಕೂರಲು ಆಗದೆ ಮಗ್ಗ ನಿಂತು ಬಹಳ ದಿನವಾಗಿತ್ತು. ತಂಗಿಗೆ ಪಂಚಮಿಗೆ ಸೀರೆ ತಪ್ಪಿಸಬಾರದೆಂದು ಪೇಟೆಯಲ್ಲಿ ಕೊಂಡು, ತನ್ನ ಮಗ್ಗದ್ದೇ ಎಂದು ಕೊಟ್ಟಿದ್ದ. ಈರಕ್ಕ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಳೇ ಹೊರತು ಸೀರೆಯ ಮಾತು ಎತ್ತಲಿಲ್ಲ. ಹೊರಡುವಾಗ ಮಾತ್ರ, "ಅಣ್ಣಾ, ನೀ ನೇಯ್ದದ್ದು ಹತ್ತಿದು ಒಂದು ತುಂಡು ಇದ್ರ ಕೊಡು, ಕೆಲಸ ಐತಿ" ಎಂದು ಕೇಳಿ ಇಸಿದುಕೊಂಡಳು.

ಮುಂದಿನ ಹಿಂಗಾರಿಗೆ ಅಣ್ಣ ಕೊಟ್ಟ ಆ ಹತ್ತಿಯ ತುಂಡನ್ನು ಎರಡು ಮಾಡಿ ಮತ್ತೆ ಹೂಳಿದರು. ಈ ಸಲ ತೆಗೆದಾಗ ಈರಕ್ಕನ ಕಡೆ ಸಿಕ್ಕಿದ್ದು ಅಂಚು ಮತ್ತು ನಾಲ್ಕಾರು ಎಳೆ, ಅಷ್ಟೆ. ಸಂಗಪ್ಪನ ಕಡೆಯದಕ್ಕೂ ತೂತು ಬಿದ್ದಿದ್ದವು, ಆದರೆ ಅರಿವೆ ಅರಿವೆಯಾಗಿಯೇ ಇತ್ತು. ಈರಕ್ಕ ಹುಬ್ಬು ಹಾರಿಸಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ.

ಆದರೆ ಮೇಡಂ ನೋಡಿದ್ದು ಬೆಳೆಯ ಕಡೆಗೆ. ಜೋಳ ಆ ವರ್ಷವೂ ಹಳದಿಯೇ.

"ಈರಮ್ಮಾರ, ನಿಮ್ಮ ಮಣ್ಣಾಗ ಜೀವ ಭಾಳ ಅದಾವ, ಖರೆ. ಆದ್ರ ನೀವು ಅರ್ಧ ಕೊಳೆತ ದಂಟು, ಹಸಿ ಸಗಣಿ ತಂದು ಹೊಲಕ್ಕ ಹಾಕೀರಿ. ಅದನ್ನ ಕೊಳಸಾಕ ಆ ಜೀವಗಳಿಗೂ ಸಾರಜನಕ ಬೇಕು. ಮಣ್ಣಾಗಿದ್ದಷ್ಟನ್ನೂ ಅವು ಎಳಕೊಂಡಾವ. ಬೆಳಿ ಉಪವಾಸ ಬಿದ್ದೈತಿ."

ಸಂಗಪ್ಪ ನಗಲು ಹೊರಟಿದ್ದ. ಮೇಡಂ ಅವನ ಕಡೆ ತಿರುಗಿದರು. "ನಿಮ್ಮದು ಉಲ್ಟಾ. ಬೆಳಿಗೆ ಹಾಕೀರಿ, ಮಣ್ಣಿಗೆ ಏನ ಹಾಕೀರಿ? ದಂಟೆಲ್ಲಾ ಹೊತ್ಕೊಂಡು ಹೋಗ್ತೀರಿ. ನಿಮ್ಮ ಮಣ್ಣು ಸತ್ತಿಲ್ಲ, ಹಸಗೊಂಡೈತಿ. ಚೀಲದ ಗೊಬ್ಬರ ಹಾಕಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಅದೊಂದನ್ನ ನಂಬಬ್ಯಾಡ್ರಿ ಅಂತೇನಿ."

ಮಾತಿನ ಪ್ರಕಾರ ಹೊಲ ಈರಕ್ಕನಿಗೆ ಉಳಿಯಿತು. ಆದರೆ ಮನೆಗೆ ಹೋಗುವಾಗ ಗೆದ್ದವಳ ನಡಿಗೆ ಇರಲಿಲ್ಲ. ಎರಡು ಸಂತೆ ನನ್ನ ಅಂಗಡಿಗೆ ಬರಲಿಲ್ಲ. ಮೂರನೆಯದಕ್ಕೆ ಬಂದವಳು ಚೀಲದ ಮೇಲೆ ಕೂರದೆ ನಿಂತೇ ಇದ್ದಳು. ಕೈಯಲ್ಲಿ ಒಂದು ಡಬ್ಬಿ.

"ಇದರಾಗ ಒಂದು ಸೇರು ಯೂರಿಯಾ ಹಾಕು."

ನನಗೆ ಜೀವಮಾನದಲ್ಲಿ ಅಷ್ಟು ಖುಷಿಯಾದ ವ್ಯಾಪಾರ ಇನ್ನೊಂದಿಲ್ಲ. "ಏನಬೇ, ಸೆರೆ ಅಂಗಡಿಗೆ ಬಂದಿ?"

"ಹೊಲಕ್ಕಲ್ಲೋ, ತಿಪ್ಪಿಗೆ. ಮೇಡಂಗ ಫೋನ್ ಮಾಡಿ ಕೇಳೇನಿ. ದಂಟು ಒಟ್ಟಿ, ಮ್ಯಾಲ ಸಗಣಿ, ಇದರ ನೀರು ಒಂದೀಟು ಚಿಮುಕಿಸಿದ್ರ ತಿಪ್ಪ್ಯಾಗ ಜಲ್ದಿ ಕೊಳಿತೈತಂತ. ತಿಪ್ಪಿ ಕುಡದು ಕುಣೀಲಿ. ಹೊಲ ಆ ಕಡೆ ಹೊಳ್ಳಿ ನೋಡೂದಿಲ್ಲ."

"ಬಿಡಿ ಮಾರೂದಿಲ್ಲ, ಚೀಲಾನ ಒಯ್ಯಬೇಕು."

"ಚೀಲ ಒಡದು ಕೊಡು. ಉಳಿದದ್ದು ನೀ ತಲಿಗೆ ಹಚ್ಕೋ, ಕೂದಲರ ಬರ್ಲಿ."

ಅಂಗಡಿಯ ಮಂದಿಯೆಲ್ಲ ನನ್ನ ಬೋಳು ತಲೆ ನೋಡಿ ನಕ್ಕರು. ಚೀಲ ಒಡೆದೆ, ಡಬ್ಬಿ ತುಂಬಿ ಕೊಟ್ಟೆ. ಸೋತೆ ಎಂದು ಬಾಯಲ್ಲಿ ಒಪ್ಪದೆ ಕೆಲಸದಲ್ಲಿ ಒಪ್ಪಿಕೊಳ್ಳುವುದನ್ನು ನಾನು ಆಕೆಯಿಂದಲೇ ನೋಡಿ ಕಲಿತೆ.

ಆಮೇಲೆ ಈರಕ್ಕನ ದಿನದ ಅರ್ಧ ತಿಪ್ಪೆಯ ಹತ್ತಿರವೇ ಹೋಗುತ್ತಿತ್ತು. ನೀರು ಚಿಮುಕಿಸುವುದು, ಮಗುಚುವುದು, ಒಳಗೆ ಕೈ ಹಾಕಿ ಬಿಸಿ ನೋಡುವುದು. ಕೊಳೆತು ಕಪ್ಪಾಗಿ, ಕೈಗೆ ಅಂಟದ ಹಾಗಾದ ಮೇಲೇ ಹೊಲಕ್ಕೆ ಹಾಕುತ್ತಿದ್ದಳು. ಜೊತೆಗೆ ಕಡಲೆ ಬೆಳೆದು ಜೋಳದ ಜಾಗ ಬದಲಿಸಿದಳು. ಒಂದೇ ವರ್ಷಕ್ಕೆ ಏನೂ ಆಗಲಿಲ್ಲ. ಹಳದಿ ಹೋಗಿ ಹಸಿರು ಬರುವುದಕ್ಕೆ ಆಕೆಯ ತಾಳ್ಮೆಯೇ ಬೇಕಿತ್ತು. ಮಳೆ ಚಲೋ ಆದ ವರ್ಷ ಸಂಗಪ್ಪನ ಜೋಳವೇ ಒಂದು ಕೈ ಮೇಲಿರುತ್ತಿತ್ತು, ಅದನ್ನು ಆಕೆ ಸತ್ತರೂ ಒಪ್ಪುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ಬದುವಿನ ಈಚೆಯ ಹೊಲ ಹಸಿ ಹಿಡಿದು ನಿಂತಿತು, ಆಚೆಯದು ಬಾಯಿ ಬಿಟ್ಟು ಬಿರಿಯಿತು. ಆ ವರ್ಷ ಸಂಗಪ್ಪನೂ ದಂಟಿನಲ್ಲಿ ಒಂದಿಷ್ಟು ಹೊಲಕ್ಕೆ ಬಿಡತೊಡಗಿದ, ಚೀಲ ಒಯ್ಯುವುದು ಕಡಿಮೆ ಮಾಡಿದ. ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿದಿರಿ ಎಂದು ಇಬ್ಬರನ್ನೂ ಕೂರಿಸಿಕೊಂಡು ಬೈದೆ. ಅತ್ತಿಗೆ ಮೈದುನ ಸೇರಿ ನನ್ನ ಚಹಾ ಕುಡಿದು ಹೋದರು.

ಹೋದ ವರ್ಷ ಈರಕ್ಕನ ಲಿವರಿಗೆ ಏನೋ ಆಯಿತು. ಬಾದಾಮಿಯಲ್ಲಿ ನರ್ಸ್ ಆಗಿರುವ ಮಗಳು ಮಹಾದೇವಿ ಆಕೆಯನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದ್ದಳು. ನಾನು ಹೋದಾಗ ಸಂಗಪ್ಪ ಹೊರಗೆ ಔಷಧ ತರಲು ಹೋಗಿದ್ದ. ಮೈ ಹಾಸಿಗೆಗೆ ಅಂಟಿತ್ತು, ಬಾಯಿ ಮಾತ್ರ ಮೊದಲಿನದೇ.

"ಬಾರೋ ಸೆರೆ ಅಂಗಡ್ಯಾಂವ. ಈ ಬಾಟ್ಲಿ ನೀರನ್ನ ಕೈಯಾಗ ಹಾಕಿ ಬೆಳಸಾಕ ಹತ್ಯಾರ ನನ್ನ. ಬೇರಿಗೆ ಹತ್ತವಲ್ದು."

ನಗು ಬರಲಿಲ್ಲ ನನಗೆ. ಕಣ್ಣು ತುಂಬಿತು. ಆಕೆ ಅದನ್ನು ನೋಡಿಯೂ ನೋಡದ ಹಾಗೆ ಹೊಲದ ಮಾತಿಗೆ ಬಂದಳು. ಹೊಲ ಮಗಳ ಹೆಸರಿಗೆ ಆಗುತ್ತದೆ, ಉಳುವುದಕ್ಕೆ ಸಂಗಪ್ಪನಿಗೆ ಕೊಡಲು ಮಗಳಿಗೆ ಹೇಳಿದ್ದೇನೆ ಎಂದಳು. ನಾನು ದಂಗಾದೆ.

"ಅವನಿಗೆ ಕೊಡೂದಿಲ್ಲ ಅಂತ ಇಷ್ಟು ವರ್ಷ ಗುದ್ದಾಡಿದಿ. ಈಗ ನೀನಾಗಿ ಕೊಡ್ತಿ?"

"ಅವತ್ತು ಹೊಲ ಅವನ ಕೈಯಾಗ ಬಂದಿತ್ತು ರಾಜೇಸಾ. ಸುಮ್ನಿದ್ದಿದ್ರ ಅವನದ. ಬೀಡಿ ಕೆಂಡ ಒತ್ತಿ ಕೂಗಿದ. ಅವನ ಹೊಲ ಅವನು ಹೆಂಗರ ಮಾಡ್ಲಿ. ನನ್ನ ಹೊಲಕ್ಕ ಸುಳ್ಳು ಮಾಡೂದಿಲ್ಲ ಅಂವ."

ಅವತ್ತು ಅವನು ಕೆಂಡ ಒತ್ತಿದಾಗ ಆಕೆ ಬೆನ್ನು ತಿರುಗಿಸಿ ನಡೆಯುತ್ತಿದ್ದಳು. ಅದನ್ನು ನೋಡಿದವನು ನಾನೊಬ್ಬನೇ ಅಂದುಕೊಂಡಿದ್ದೆ. ನಿನಗ ಹೆಂಗ ಗೊತ್ತಬೇ ಎಂದೆ. ಆ ಅರಿವೆಯಲ್ಲಿ ಸುಟ್ಟ ತೂತು ಎರಡಿದ್ದವು ಎಂದಳು. ಒಂದು ತಾಗಿ ಆದದ್ದು, ಇನ್ನೊಂದು ಒತ್ತಿ ಆದದ್ದು.

ಅದೇ ನನ್ನ ಕೊನೆಯ ಭೇಟಿ. ಆಕೆಯನ್ನು ಗಂಡನ ಪಕ್ಕದಲ್ಲೇ ಇಟ್ಟರು. ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಈ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಇಳಕಲ್ಲಿನಿಂದ ಬರುತ್ತಿದ್ದೆ. ರಸ್ತೆಯ ಪಕ್ಕದಲ್ಲಿ ಕುರಿ ಹಿಂಡು ನಿಂತಿತ್ತು. ಹಿಕ್ಕೆ ಗೊಬ್ಬರ ಬೀಳಲೆಂದು ಹೊಲದಲ್ಲಿ ಹಿಂಡು ತರುಬಿಸುತ್ತಾರಲ್ಲ, ಅದಕ್ಕೆ ಸಂಗಪ್ಪ ಕುರುಬರನ್ನು ಕರೆಸಿದ್ದ. ನಾನು ಗಾಡಿ ನಿಲ್ಲಿಸಿದೆ. ಈ ಸೀಮೆಗೆ ಹೊಸಬನಾದ ಕುರುಬ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿ, ಮೊದಲು ಯಾವ ಕಡೆ ಎಂದು ಕೇಳಿದ. ಸಂಗಪ್ಪ ಈಚೆ ಕೈ ತೋರಿಸಿದ.

"ಎರಡೂ ನಿಮ್ಮವ ಏನ್ರಿ?" ಎಂದ ಕುರುಬ, ಹಿಂಡನ್ನು ಹೊಡೆಯುತ್ತ.

"ಆ ಕಡೀದು ನಂದು" ಎಂದ ಸಂಗಪ್ಪ. "ಇದು ನಮ್ಮ ವೈನೀದು. ಅವರನ್ನ ಕೇಳಲಾರದ ಇಲ್ಲಿ ಏನೂ ಹಾಕೂದಿಲ್ಲ ನಾ."